ಚೀಸಿನ ತಟ್ಟೆಗೆ ಒಂದೇ ಸುತ್ತು

ಫಿರ್ಮ್ಯಾಂ ಚೀಸ್ ತಿನ್ನುವಾಗ ಕಣ್ಣು ಮುಚ್ಚುತ್ತಿದ್ದ. ಬೆಟ್ಟದ ಬುಡದ ನಮ್ಮೂರು ವಾಲ್‌ಬ್ರೂಸ್‌ನಲ್ಲಿ ಇದು ಎಲ್ಲರಿಗೂ ಗೊತ್ತು. ಭಾನುವಾರದ ಪೂಜೆಯಲ್ಲಿ ಪಾದ್ರಿ ಏನು ಹೇಳಿದರೂ ಕಿಟಕಿಯ ಕಡೆ ನೋಡುತ್ತ ಕೂರುತ್ತಿದ್ದ ಮನುಷ್ಯ, ಒಂದು ಚೂರು ಚೀಸ್ ನಾಲಿಗೆಗೆ ತಾಗಿದ್ದೇ ತಡ, ಕಣ್ಣು ಮುಚ್ಚಿ ತಲೆ ಬಾಗಿಸಿಬಿಡುತ್ತಿದ್ದ. ಆಗ ಅವನನ್ನು ಯಾರೂ ಮಾತಾಡಿಸುತ್ತಿರಲಿಲ್ಲ. ಮಾತಾಡಿಸಿದರೂ ಉತ್ತರ ಬರುತ್ತಿರಲಿಲ್ಲ.

ಇದನ್ನು ಹೇಳುತ್ತಿರುವ ನಾನು ಪೊಲೆತ್, ಅವನ ಪಕ್ಕದ ಮನೆಯವಳು. ಆಗ ಊರಿನ ಬ್ರೆಡ್ ಅಂಗಡಿ ನಮ್ಮದೇ. ಬೆಳಿಗ್ಗೆ ಬ್ರೆಡ್ ಕೊಳ್ಳಲು ಬಂದವರು ಕೊಂಡದ್ದಕ್ಕಿಂತ ಹೆಚ್ಚು ಸುದ್ದಿ ಬಿಟ್ಟು ಹೋಗುತ್ತಿದ್ದರು. ಯಾರ ಮನೆಯಲ್ಲಿ ಜಗಳ, ಯಾರ ಮಗಳು ಯಾರ ಮೋಟಾರ್‌ಸೈಕಲ್ ಹತ್ತಿದಳು, ಯಾರ ಹಸು ಕಂದು ಹಾಕಿತು, ಎಲ್ಲ ನನ್ನ ಗಲ್ಲಾದ ಮುಂದೆಯೇ ಇತ್ಯರ್ಥ. ಅಂಥ ನನಗೆ ಒಂದೇ ಗೋಡೆಯ ಆಚೆ ನಡೆಯುತ್ತಿದ್ದುದು ತಿಳಿಯಲಿಲ್ಲ. ಆ ಸಿಟ್ಟು ಇನ್ನೂ ಇಳಿದಿಲ್ಲ.

ನಿವೃತ್ತನಾಗುವ ತನಕ ಫಿರ್ಮ್ಯಾಂ ಹಾಲಿನ ಲಾರಿ ಓಡಿಸುತ್ತಿದ್ದ. ಬೆಟ್ಟದ ಮೇಲಿನ ಮನೆಗಳಿಂದ ಹಾಲು ತುಂಬಿಕೊಂಡು ಡೈರಿಗೆ ಇಳಿಸುವುದು ಕೆಲಸ. ಅಲ್ಲಿ ಎಷ್ಟೋ ಮನೆಯವರು ಸ್ವಲ್ಪ ಹಾಲು ಉಳಿಸಿಕೊಂಡು ತಾವೇ ಚೀಸ್ ಮಾಡುತ್ತಾರೆ. ಹತ್ತು ಗಂಟೆಯ ಹೊತ್ತಿಗೆ ಬ್ರೆಡ್ಡು, ಒಣಗಿಸಿದ ಸಾಸೇಜು, ಚೀಸು, ಒಂದು ಲೋಟ ಕೆಂಪು ವೈನು ಹರಡಿಕೊಂಡು ಕೂರುವುದು ನಮ್ಮ ಕಡೆಯ ದುಡಿಯುವವರ ವಾಡಿಕೆ. ಲಾರಿ ಅಂಗಳಕ್ಕೆ ಬಂದರೆ ಡ್ರೈವರನಿಗೂ ಒಂದು ಕುರ್ಚಿ ಎಳೆಯುತ್ತಿದ್ದರು. ಫಿರ್ಮ್ಯಾಂ ಜೇಬಿನಿಂದ ಅಪ್ಪನ ಕಾಲದ ಮಡಚುವ ಚಾಕು ತೆಗೆಯುತ್ತಿದ್ದ. ಮೊದಲು ಮೂಸುವುದು, ಆಮೇಲೆ ಹೆಬ್ಬೆರಳಿನಿಂದ ಚೀಸಿನ ಗಟ್ಟಿ ಮೇಲ್ಸಿಪ್ಪೆ ಒತ್ತುವುದು, ಆಮೇಲೆ ಕೊಯ್ಯುವುದು. ನಮ್ಮ ಕಡೆಯ ಸಾಂ-ನೆಕ್ತೇರ್ ಚೀಸಿನ ಚೂರೊಂದನ್ನು ಬಾಯಲ್ಲಿ ಕರಗಿಸಿಕೊಂಡು, ಈ ವರ್ಷ ಹಸುಗಳನ್ನು ಮೇಲಿನ ಹುಲ್ಲುಗಾವಲಿಗೆ ಬೇಗ ಬಿಟ್ಟಿರೇನು ಎಂದು ಕೇಳುತ್ತಿದ್ದ. ರುಚಿಯಿಂದ ಅವನು ಊಹಿಸಿದ್ದು ಸರಿಯೋ ತಪ್ಪೋ, ಆ ಚೀಸ್ ಮಾಡಿದ ಹೆಂಗಸಿಗೆ ದಿನವಿಡೀ ಖುಷಿ.

ದುಂಡನೆಯ ಬಿಲ್ಲೆಯಿಂದ ಕೊಯ್ದ ಚೀಸ್ ತುಂಡಿನ ಚೂಪು ತುದಿಗೆ ನಾವು ಮೂಗು ಅನ್ನುತ್ತೇವೆ. ಎಲ್ಲಕ್ಕಿಂತ ಮೆತ್ತಗೆ, ಎಲ್ಲಕ್ಕಿಂತ ರುಚಿ ಅಲ್ಲೇ. ಅದಕ್ಕೇ ಯಾರೂ ಆ ತುದಿಯನ್ನು ಅಡ್ಡಡ್ಡ ಕೊಯ್ದು ತಾವೇ ತಿನ್ನಬಾರದು. ಎಲ್ಲರಿಗೂ ಅಷ್ಟಷ್ಟು ಮೂಗು ಸಿಗುವ ಹಾಗೆ ಉದ್ದಕ್ಕೆ ಕೊಯ್ಯಬೇಕು. ಒಮ್ಮೆ ಪೇಟೆಯಿಂದ ಬಂದ ಇನ್ಶೂರೆನ್ಸ್ ಏಜೆಂಟನೊಬ್ಬ ಮೂಗನ್ನೇ ಕಚಕ್ಕನೆ ಕೊಯ್ದುಕೊಂಡಾಗ ಫಿರ್ಮ್ಯಾಂ ತನ್ನದೇ ಮೂಗು ಹೋದವನ ಹಾಗೆ ಎದ್ದು ಅಂಗಳಕ್ಕೆ ಹೋಗಿ ನಿಂತಿದ್ದನಂತೆ. ಏಜೆಂಟನಿಗೆ ತಾನು ಮಾಡಿದ್ದೇನೆಂದು ಕೊನೆಗೂ ತಿಳಿಯಲಿಲ್ಲ.

ಇಂಥವನಿಗೆ ಸಿಕ್ಕಿದ ಹೆಂಡತಿ ಲುಸಿಯೆನ್. ಮಾತು ಕಡಿಮೆ, ಕೈರುಚಿ ಹೆಚ್ಚು. ಹಂದಿಮಾಂಸ ತುಂಬಿ ಬೇಯಿಸಿದ ಅವಳ ಎಲೆಕೋಸು ತಿಂದವರು ಬೇರೆ ಮನೆಯ ಕೋಸಿನ ಸುದ್ದಿ ಎತ್ತುತ್ತಿರಲಿಲ್ಲ. ಮದುವೆ, ನಾಮಕರಣ, ಸಾವಿನ ಊಟ, ಯಾವುದಿದ್ದರೂ ಊರ ಹೆಂಗಸರು ಮೊದಲು ಅವಳನ್ನು ಕೇಳುತ್ತಿದ್ದರು: ಎಷ್ಟು ಹೊತ್ತು ಬೇಯಿಸಬೇಕು, ಯಾವಾಗ ಮುಚ್ಚಳ ತೆಗೆಯಬೇಕು. ಅವಳಿಗೆ ಮಕ್ಕಳಿರಲಿಲ್ಲ, ಆಸ್ತಿ ಇರಲಿಲ್ಲ, ನೋಟ ಚಂದವೂ ಅಷ್ಟಕ್ಕಷ್ಟೆ. ಊರಲ್ಲಿ ಅವಳಿಗೆ ಇದ್ದದ್ದು ಆ ಹೆಸರು ಒಂದೇ.

ನಮ್ಮ ಊಟದ ಮೇಜಿಗೆ ಇನ್ನೊಂದು ಕಟ್ಟಳೆ ಇದೆ. ಪಲ್ಯ, ಮಾಂಸ, ಸಾರು ಎಷ್ಟು ಸಲ ಬೇಕಾದರೂ ಸುತ್ತಬಹುದು. ಎರಡನೇ ಸಲ ಹಾಕಿಸಿಕೊಂಡರೆ ಅಡುಗೆಯವಳಿಗೆ ಮರ್ಯಾದೆ. ಆಮೇಲೆ ಬ್ರೆಡ್ ಚೂರಿನಿಂದ ತಟ್ಟೆ ಒರೆಸಿಕೊಂಡರೆ ಅದೇ ತಟ್ಟೆಗೆ ಚೀಸು. ಆ ಚೀಸಿನ ತಟ್ಟೆ ಮಾತ್ರ ಮೇಜಿನ ಸುತ್ತ ಒಂದೇ ಸಲ ಬರುತ್ತದೆ. ಎರಡನೇ ಸಲ ಕೈ ಚಾಚಿದರೆ, ನೀನು ಬಡಿಸಿದ್ದು ನನಗೆ ಸಾಲಲಿಲ್ಲ, ಹೊಟ್ಟೆ ಇನ್ನೂ ಖಾಲಿ ಎಂದು ಅಡುಗೆಯವಳ ಮುಖಕ್ಕೆ ಹೇಳಿದ ಹಾಗೆ. ಮಕ್ಕಳಿಗೂ ಇದು ಗೊತ್ತು. ಚೀಸ್ ಮುಗಿಯಿತೆಂದರೆ ಗಂಡಸರು ಚಾಕು ಒರೆಸಿ ಟಕ್ಕೆಂದು ಮಡಚಿ ಜೇಬಿಗೆ ಹಾಕುತ್ತಾರೆ. ಆಮೇಲೆ ಸಿಹಿ, ಕಾಫಿ, ಹರಟೆ.

ಒಂದು ಚಳಿಗಾಲದಲ್ಲಿ ಫಿರ್ಮ್ಯಾಂ ನೆಲಮಾಳಿಗೆಯ ಮೆಟ್ಟಿಲ ಮೇಲೆ ಎದೆ ಹಿಡಿದುಕೊಂಡು ಕುಸಿದು ಕೂತ. ಲುಸಿಯೆನ್ ಅವನನ್ನು ಬಸ್ಸಿನಲ್ಲಿ ಪೇಟೆಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ನಮ್ಮ ಹತ್ತಿರ ಅವನಿಗೆ ಹಲ್ಲುನೋವು ಎಂದು ಹೇಳಿ ಹೋಗಿದ್ದರು. ಹೃದಯ ದಣಿದಿದೆ, ಉಪ್ಪು ಮುಟ್ಟಬಾರದು, ಸಾಸೇಜು ಮುಟ್ಟಬಾರದು, ಚೀಸಂತೂ ಮೂಸಲೂ ಬಾರದು ಎಂದು ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿದರಂತೆ. ಕೈಲಿ ಟೋಪಿ ಹಿಡಿದು ಕೂತಿದ್ದ ಫಿರ್ಮ್ಯಾಂ ಹಾಗಾದರೆ ತಿನ್ನುವುದೇನು ಎಂದು ಕೇಳಿದ. ಡಾಕ್ಟರು ಬೇಯಿಸಿದ ತರಕಾರಿ ಅಂದರು.

ಬಸ್ಸಿನಲ್ಲಿ ಹಿಂದಿರುಗುವಾಗ ಅವನು ಹೆಂಡತಿಯ ಕೈ ಹಿಡಿದುಕೊಂಡು ಒಂದು ಮಾತು ತಗೊಂಡ. ಈ ಸುದ್ದಿ ಊರಿಗೆ ತಿಳಿಯಬಾರದು, ಅಕ್ಕ ಆರ್ಮಾಂದ್‌ಗೂ ತಿಳಿಯಬಾರದು. ಚೀಸಿನ ಫಿರ್ಮ್ಯಾಂ ಬೇಯಿಸಿದ ಕ್ಯಾರೆಟ್ ತಿನ್ನುತ್ತಿದ್ದಾನೆ ಎಂದು ಜನ ನಗುವುದನ್ನು ನೋಡುವುದಕ್ಕಿಂತ ಸಾಯುವುದು ಮೇಲು. ಲುಸಿಯೆನ್ ಆಗಲಿ ಅಂದಳು. ಮನೆಗೆ ಬಂದವಳೇ ಮೇಜಿನ ಮೇಲಿದ್ದ ಚೀಸಿನ ಗಾಜಿನ ಮುಚ್ಚಳವನ್ನು ತೊಳೆದು ಒರೆಸಿ ಅಲಮಾರಿನ ಮೇಲಿನ ಹಲಗೆಗೆ ಏರಿಸಿದಳು. ಅವತ್ತಿನಿಂದ ಆ ಮನೆಗೆ ಚೀಸ್ ಬರುವುದು ನಿಂತಿತು.

ಚಾಪಲ್ಯ ಅಂದರೆ ಅದು. ಫಿರ್ಮ್ಯಾಂ ಚಳಿಗಾಲ ಕಳೆಯುವ ತನಕ ಹಲ್ಲು ಕಚ್ಚಿ ತಡೆದುಕೊಂಡ. ಹಿಮ ಕರಗಿ ರಸ್ತೆ ತೆರೆದ ಮೇಲೆ, ಏಣಿ ಕೇಳುವ ನೆಪ ಮಾಡಿಕೊಂಡು ತನ್ನ ಹಳೆಯ ಲಾರಿಯ ದಾರಿ ಹಿಡಿದು ಬೆಟ್ಟದ ಮೊದಲ ಮನೆಗೆ ಹೋದ. ಅದು ವಿಧವೆ ಸೊಲಾಂಜಳ ಮನೆ. ಹೋಗಿದ್ದು ಹತ್ತು ಗಂಟೆಗೇ ಸರಿಯಾಗಿ. ಆಗಲ್ಲದೆ ಇನ್ಯಾವಾಗ ಹೋಗುತ್ತಾನೆ? ಸೊಲಾಂಜ್ ಕುರ್ಚಿ ಎಳೆದಳು, ಬ್ರೆಡ್ಡು ಕೊಯ್ದಳು, ಒಣಹುಲ್ಲಿನ ಮೇಲೆ ಹಣ್ಣಾದ ಚೀಸ್ ತಂದಿಟ್ಟಳು. ಫಿರ್ಮ್ಯಾಂ ಚಾಕು ತೆಗೆದ.

ಒಂದು ಸಲ ಹೋದವನು ಎರಡು ಸಲ ಹೋದ. ಏಣಿಯ ನೆಪ ಮುಗಿಯಿತು, ಅಣಬೆಯ ನೆಪ ಬಂತು. ಸೊಲಾಂಜಳ ಮನೆ, ಮುದುಕ ಬಾತಿಸ್ತನ ಮನೆ, ಅದರ ಮೇಲಿನ ಮನೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಜಗತ್ತಿಗೇ ಕತ್ತಲೆ ಎಂದುಕೊಳ್ಳುತ್ತದಂತೆ. ಒಂದು ದಿನ ಸೊಲಾಂಜ್ ಕೇಳಿಯೇಬಿಟ್ಟಳು.

“ಏನಪ್ಪಾ ಫಿರ್ಮ್ಯಾಂ, ನಿಮ್ಮನೇಲಿ ಚೀಸ್ ಇಲ್ವಾ? ವಾರಕ್ಕೆ ಎಷ್ಟು ಸಲ ಅಣಬೆ ಹುಟ್ಟುತ್ತಪ್ಪ ನನ್ನ ಹೊಲದಲ್ಲಿ?”

ನಿಜ ಹೇಳಬಹುದಿತ್ತು. ನಕ್ಕು ಸುಮ್ಮನಾಗಬಹುದಿತ್ತು. ಫಿರ್ಮ್ಯಾಂ ಚೂರನ್ನು ಬ್ರೆಡ್ಡಿನ ಮೇಲೆ ಒತ್ತುತ್ತ ಹೇಳಿದ, “ನಮ್ಮನೇಗೆ ಈಗ ಚೀಸ್ ಬರಲ್ಲ ಸೊಲಾಂಜ್. ಲುಸಿಯೆನ್ ತರಲ್ಲ.” ಅಷ್ಟು ಹೇಳಿ ಭುಜ ಕುಣಿಸಿದನಂತೆ.

ಹೇಳಿದ ಮಾತಿನಲ್ಲಿ ಸುಳ್ಳಿಲ್ಲ ನೋಡಿ. ಲುಸಿಯೆನ್ ತರುತ್ತಿರಲಿಲ್ಲ, ಹೌದು. ಉಳಿದದ್ದನ್ನು ಊರು ತಾನೇ ತುಂಬಿಕೊಂಡಿತು. ಬೇಸಿಗೆ ಮುಗಿಯುವುದರೊಳಗೆ ನನ್ನ ಅಂಗಡಿಯಲ್ಲಿ ಲುಸಿಯೆನ್‌ಳ ಜಿಪುಣತನದ ಕತೆಗೆ ಕೈಕಾಲು ಮೂಡಿತ್ತು. ಅಲಮಾರಿಗೆ ಬೀಗ ಹಾಕುತ್ತಾಳಂತೆ, ಗಂಡನ ಬ್ರೆಡ್ಡನ್ನು ಎಣಿಸಿ ಕೊಡುತ್ತಾಳಂತೆ, ಸಂತೆಯಲ್ಲಿ ಚೀಸಿನ ಗಾಡಿಯ ಮುಂದೆ ತಲೆ ತಗ್ಗಿಸಿಕೊಂಡು ಹಾದುಹೋಗುತ್ತಾಳಂತೆ. ಆ ಕೊನೆಯದನ್ನು ನಾನೇ ಕಣ್ಣಾರೆ ನೋಡಿದ್ದೆ. ಪಾಪ, ಅವಳು ಆ ವಾಸನೆಯಿಂದ ತಪ್ಪಿಸಿಕೊಳ್ಳುತ್ತಿದ್ದಳು ಎಂದು ಯಾರಿಗೆ ಗೊತ್ತು? ಹೆಂಗಸರು ಅವಳನ್ನು ಅಡುಗೆಯ ಮಾತು ಕೇಳುವುದು ಬಿಟ್ಟರು. ಆ ವರ್ಷದ ಒಂದು ನಾಮಕರಣದ ಊಟಕ್ಕೆ ಕೋಸು ಬೇಯಿಸಲು ಬೇರೆ ಊರಿನಿಂದ ಒಬ್ಬಳನ್ನು ಕರೆಸಿದರು. ಒಂದು ಬೆಳಿಗ್ಗೆ ಅವಳ ಕಿಟಕಿಯ ಕಟ್ಟೆಯ ಮೇಲೆ ಯಾರೋ ಪುಣ್ಯಾತ್ಮರು ಚುಚ್ಚಲೆಂದೇ ಬಟ್ಟೆಯಲ್ಲಿ ಸುತ್ತಿದ ಅರ್ಧ ಬಿಲ್ಲೆ ಚೀಸ್ ಇಟ್ಟುಹೋಗಿದ್ದರು. ಅವಳು ಅದನ್ನು ಹಾಗೇ ತಂದು ನನ್ನ ಕೈಗಿಟ್ಟು, ಜನಕ್ಕೆ ಎಷ್ಟು ಪ್ರೀತಿ ನೋಡು ಪೊಲೆತ್ ಅಂದಳು. ಅವಳ ಮುಖ ನೋಡಲಾಗಲಿಲ್ಲ ನನಗೆ.

ಆ ಶರತ್ಕಾಲಕ್ಕೆ ಆರ್ಮಾಂದ್‌ಗೆ ಎಪ್ಪತ್ತು ತುಂಬಿತು. ಫಿರ್ಮ್ಯಾಂನ ಅಕ್ಕ ಅವಳು. ತಾಯಿ ಬೇಗ ಸತ್ತದ್ದರಿಂದ ತಮ್ಮನನ್ನು ತಾನೇ ಸಾಕಿದೆ ಎಂಬ ಹಕ್ಕು ಅವಳಿಗೆ. ಅವಳ ಬಾಯಿ ಅಂದರೆ ಕತ್ತರಿ. ಹುಟ್ಟುಹಬ್ಬದ ಊಟ ತಮ್ಮನ ಮನೆಯಲ್ಲೇ ಆಗಬೇಕು ಎಂದು ಅವಳೇ ತೀರ್ಮಾನ ಮಾಡಿದಳು. ಬಂದವರು ಆರ್ಮಾಂದ್, ಅವಳ ಗಂಡ, ಸೊಲಾಂಜ್, ಮುದುಕ ಬಾತಿಸ್ತ್, ನಾನು. ನೆಂಟರು ಬಂದಾಗ ಚೀಸಿಲ್ಲದೆ ಊಟ ಮುಗಿಸುವುದಾದರೂ ಹೇಗೆ? ಲುಸಿಯೆನ್ ಅಲಮಾರಿನ ಮೇಲಿಂದ ಗಾಜಿನ ಮುಚ್ಚಳ ಇಳಿಸಿದಳು. ಅನುಮಾನ ಬಾರದ ಹಾಗೆ ಒಂದು ತೆಳ್ಳನೆಯ ಚೂರು ಮಾತ್ರ ತಗೊಳ್ಳುತ್ತೇನೆಂದು ಫಿರ್ಮ್ಯಾಂ ಆಣೆ ಇಟ್ಟಿದ್ದ. ಬೆಟ್ಟದ ಮೇಲೆ ಅವನು ತಿಂದದ್ದು ಅವಳಿಗೆ ಆಗ ಗೊತ್ತಿರಲಿಲ್ಲ. ಪಾಪದವಳು ಅವನ ಮಾತು ನಂಬಿದ್ದಳು.

ಕೋಸು ಬಂತು. ಎಲೆ ಎಲೆಯೂ ಬೆಣ್ಣೆಯ ಹಾಗೆ ಬೆಂದಿತ್ತು. ಎಲ್ಲರಿಗೂ ದೊಡ್ಡ ಪಾತ್ರೆಯಿಂದ ಬಡಿಸಿದ ಲುಸಿಯೆನ್, ಗಂಡನ ತಟ್ಟೆಯನ್ನು ಮಾತ್ರ ಅಡುಗೆಮನೆಗೆ ಒಯ್ದು ತುಂಬಿಸಿ ತಂದಳು. ಅವನಿಗೆಂದು ಉಪ್ಪಿಲ್ಲದೆ ಬೇರೆ ಬೇಯಿಸಿದ್ದಳು. ಆರ್ಮಾಂದ್ ಆ ತಟ್ಟೆಯನ್ನೂ ನೋಡಿದಳು, ಸೊಲಾಂಜಳ ಮುಖವನ್ನೂ ನೋಡಿದಳು. ಬಾತಿಸ್ತ್ ಎರಡನೇ ಸಲ ಹಾಕಿಸಿಕೊಂಡ. ಫಿರ್ಮ್ಯಾಂ ತನ್ನ ಸಪ್ಪೆ ಕೋಸನ್ನು ಅಲ್ಲಿಂದಿಲ್ಲಿಗೆ ತಳ್ಳಿ ಅರ್ಧ ಬಿಟ್ಟ.

ಆಮೇಲೆ ಚೀಸಿನ ತಟ್ಟೆ. ಸೊಲಾಂಜ್ ತಾನೇ ಮಾಡಿದ್ದನ್ನು ತಂದಿದ್ದಳು, ಬೇಸಿಗೆಯ ಹಾಲಿನದು. ಮುಚ್ಚಳ ತೆಗೆದದ್ದೇ ಕೋಣೆಯ ತುಂಬ ಒದ್ದೆ ಹುಲ್ಲಿನ, ಹಳೆಯ ನೆಲಮಾಳಿಗೆಯ ಘಮ. ಫಿರ್ಮ್ಯಾಂ ಆಣೆ ಇಟ್ಟ ಹಾಗೆಯೇ ತೆಳ್ಳಗೆ ಒಂದು ಚೂರು ಕೊಯ್ದ, ಕಣ್ಣು ಮುಚ್ಚಿದ. ತಟ್ಟೆ ಸುತ್ತಿ ಬಂತು. ಬಾತಿಸ್ತ್ ಚಾಕು ಮಡಚಿದ, ಆರ್ಮಾಂದಳ ಗಂಡ ಚಾಕು ಮಡಚಿದ. ಲುಸಿಯೆನ್ ಸಿಹಿ ತರಲೆಂದು ಏಳುವುದರಲ್ಲಿದ್ದಳು. ಆಗ ಫಿರ್ಮ್ಯಾಂ ಕಣ್ಣು ತೆರೆದು, ಬಿಚ್ಚಿದ ಚಾಕುವನ್ನು ಕೈಯಲ್ಲಿ ಹಿಡಿದೇ ಹೇಳಿದ.

“ಆ ತಟ್ಟೆ ಇನ್ನೊಂದು ಸಲ ಇತ್ತ ಕೊಡಿ.”

ಬಾತಿಸ್ತ್ ಮೇಜುಬಟ್ಟೆಯ ಮೇಲಿನ ಬ್ರೆಡ್ ಪುಡಿ ಗುಡ್ಡೆ ಮಾಡತೊಡಗಿದ. ಲುಸಿಯೆನ್ ಅರ್ಧ ಎದ್ದವಳು ಹಾಗೇ ನಿಂತಳು, ಮುಖವೆಲ್ಲ ಕೆಂಪು. ಆರ್ಮಾಂದ್ ಕಾದಿದ್ದು ಇದನ್ನೇ.

“ಪಾಪ, ನನ್ನ ತಮ್ಮನ ಹೊಟ್ಟೆ ತುಂಬಿಲ್ಲ,” ಅಂದಳು. “ಕೊಡಮ್ಮ ಸೊಲಾಂಜ್, ಕೊಡು. ಈ ಮನೇಲಿ ಇನ್ನು ಯಾವಾಗ ಸಿಗುತ್ತೋ ಅವನಿಗೆ. ಊರವರು ಹೇಳಿದಾಗ ನಾನು ನಂಬಿರಲಿಲ್ಲ.”

“ಊರವರು ಏನು ಹೇಳ್ತಾರೆ?” ಲುಸಿಯೆನ್ ಕೇಳಿದಳು. ನಿಜವಾಗಿ ಗೊತ್ತಿಲ್ಲದವಳ ದನಿ ಅದು.

ಆರ್ಮಾಂದ್ ಒಂದೂ ಬಿಡದೆ ಹೇಳಿದಳು. ಕಟ್ಟಿಕೊಂಡ ಗಂಡ ಒಂದು ಚೂರು ಚೀಸಿಗಾಗಿ ಬೆಟ್ಟದ ಮನೆಮನೆಯ ಬಾಗಿಲು ಕಾಯುತ್ತಿದ್ದಾನೆ, ಅವನೇ ಬಾಯಿ ಬಿಟ್ಟು ಹೇಳಿಕೊಂಡಿದ್ದಾನೆ ನೀನು ತರುವುದಿಲ್ಲ ಎಂದು, ಇವತ್ತೂ ಅವನಿಗೆ ಅಡುಗೆಮನೆಯ ಹಿಂದಿನಿಂದ ಬೇರೆ ತಟ್ಟೆ, ಸಾಕಿದ ನಾಯಿಗೂ ಇಷ್ಟು ಅನ್ಯಾಯ ಮಾಡುವುದಿಲ್ಲ. ಸೊಲಾಂಜ್ ತನ್ನ ಕೈ ನೋಡಿಕೊಳ್ಳುತ್ತಿದ್ದಳು. ಇಲ್ಲ ಎಂದು ಅವಳು ಹೇಳಲಿಲ್ಲ.

ಲುಸಿಯೆನ್ ಗಂಡನ ಕಡೆ ತಿರುಗಿದಳು. ಒಂದು ಮಾತು ಸಾಕಿತ್ತು. ಡಾಕ್ಟರು ಬೇಡ ಅಂದಿದ್ದಾರೆ, ಅಷ್ಟೆ. ಅವಳೂ ಹೇಳಬಹುದಿತ್ತು, ಆದರೆ ಬಸ್ಸಿನಲ್ಲಿ ಮಾತು ಕೊಟ್ಟಿದ್ದಳು. ಅವನು ಹೇಳಲಿ ಎಂದು ಕಾದಳು. ನಮಗೆ ಆಗ ಏನೂ ಗೊತ್ತಿರಲಿಲ್ಲ. ಆದರೂ ಅವಳು ಏನನ್ನೋ ಕಾಯುತ್ತಿದ್ದಾಳೆಂದು ನನಗೆ ಕಂಡಿತು. ಫಿರ್ಮ್ಯಾಂಗೆ ಬಾಯಲ್ಲಿ ಬಿಸಿತುಪ್ಪ ಇಟ್ಟುಕೊಂಡ ಹಾಗೆ, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಕಿವಿ ತುದಿಯ ತನಕ ಕೆಂಪಾಗಿದ್ದ. ಚಾಕುವಿನ ಹಿಡಿಯನ್ನು ನೋಡುತ್ತ ಕೂತ.

ಆಗ ಲುಸಿಯೆನ್ ಚೀಸಿನ ತಟ್ಟೆಯನ್ನು ತಾನೇ ಎತ್ತಿ ತಂದು ಅವನ ಮುಂದಿಟ್ಟಳು.

“ತಗೋ,” ಅಂದಳು. ಅಷ್ಟು ಹೇಳಿ ಪ್ಲಮ್ ಹಣ್ಣಿನ ಸಿಹಿ ತರಲು ಒಳಗೆ ಹೋದಳು.

ಅವನು ತಗೊಂಡ. ತಗೊಳ್ಳದೆ ಕೂತಿದ್ದರೂ ಆಗುತ್ತಿತ್ತೇನೋ, ಆದರೆ ಎಲ್ಲರೂ ನೋಡುತ್ತಿದ್ದರು, ಕೊಯ್ದು ಬಾಯಿಗೆ ಹಾಕಿಕೊಂಡ. ಆ ಒಂದು ಸಲ ಅವನು ಕಣ್ಣು ಮುಚ್ಚಲಿಲ್ಲ.

ಮಾರನೆಯ ದಿನ ಮಧ್ಯಾಹ್ನ ಮೇಜಿನ ಮೇಲೆ ಗಾಜಿನ ಮುಚ್ಚಳ ಇತ್ತು, ಅದರಡಿ ಮಿಕ್ಕ ಚೀಸೂ ಇತ್ತು. ಸಾರಿಗೆ ಮೊದಲಿನಂತೆ ಉಪ್ಪು ಬಿದ್ದಿತ್ತು. ಫಿರ್ಮ್ಯಾಂ ಇದೇನು ಎಂದು ಕೇಳಿದ. ಲುಸಿಯೆನ್ ಹೇಳಿದ ಮಾತನ್ನು ಅವನೇ ಆಮೇಲೆ ನನಗೆ ಹೇಳಿದ, ಒಂದಕ್ಷರ ಬಿಡದೆ.

“ನಿನ್ನ ಗುಟ್ಟು ನಾನು ಕಾಪಾಡಿದೆ. ನನ್ನ ಮಾನ ನೀನು ಕಾಪಾಡಲಿಲ್ಲ. ಇನ್ನು ನಿನಗೆ ಬೇಕಾದ್ದು ತಿನ್ನು, ಸತ್ತರೆ ಸಾಯಿ. ನಾನು ಯಾರ ಮನೆ ಮುಂದೆ ಹೋಗಿ ಏನೂಂತ ಹೇಳ್ಲಿ?”

ಹಾಗೆಂದು ಅವಳು ಕೋಳಿಗೆ ಕಾಳು ಹಾಕಲು ಹೋದಳು. ಫಿರ್ಮ್ಯಾಂ ಆ ಚೀಸನ್ನು ಮುಟ್ಟಲಿಲ್ಲ. ಸಿಪ್ಪೆ ಒಣಗಿತು, ಅಂಚು ಬಿರಿಯಿತು, ಕೊನೆಗೆ ಲುಸಿಯೆನ್ ಅದನ್ನು ಕೋಳಿಗಳಿಗೇ ಹಾಕಿದಳು.

ಊರಿಗೆ ಹೇಳಬೇಕು ಎಂದು ಅವನು ಮೊದಲು ಕೆಫೆಗೆ ಹೋದ. ಹೋಗಿ ಒಂದು ಲೋಟ ವೈನು ತರಿಸಿಕೊಂಡು, ಎಲ್ಲರೂ ತನ್ನ ಕಡೆ ನೋಡುವ ತನಕ ಕೆಮ್ಮಿ, ಈ ಸಲ ಹಿಮ ಬೇಗ ಬೀಳುತ್ತದೆ ಎಂದು ಹೇಳಿ ಎದ್ದು ಬಂದ. ಇದು ಒಂದೇ ಸಲ ಆಗಿದ್ದರೆ ಬಿಡಬಹುದಿತ್ತು. ದಿನವೂ ಹೋಗಿ ದಿನವೂ ಹಿಮದ ಸುದ್ದಿ ಹೇಳಿ ಬಂದ. ಕೆಫೆಯ ಜನ ಅವನಿಗೆ ಹವಾಮಾನ ಇಲಾಖೆ ಎಂದು ಹೆಸರಿಟ್ಟರು.

ಕೊನೆಗೆ ಒಂದು ಬೆಳಿಗ್ಗೆ ಟೋಪಿ ಹಾಕಿಕೊಂಡು ಬೆಟ್ಟದ ದಾರಿ ಹಿಡಿದ. ಹತ್ತು ಗಂಟೆಗೆ ಸೊಲಾಂಜಳ ಬಾಗಿಲಲ್ಲಿ ನಿಂತ. ಅವಳು ಕುರ್ಚಿ ಎಳೆದಳು. ಅವನು ಕೂರಲಿಲ್ಲ. ನಿಂತುಕೊಂಡೇ, ನನ್ನ ಹೃದಯ ಕೆಟ್ಟಿದೆ, ಚೀಸು ತಿನ್ನಬಾರದು ಅಂದಿದ್ದಾರೆ, ಲುಸಿಯೆನ್ ನನ್ನನ್ನು ಬದುಕಿಸೋಕೆ ತರುತ್ತಿರಲಿಲ್ಲ, ನಾನು ಹೇಳಬಾರದ ಹಾಗೆ ಹೇಳಿ ಅವಳಿಗೆ ಮಸಿ ಬಳಿದೆ ಎಂದು ಒಪ್ಪಿಸಿದ. ಸೊಲಾಂಜ್ ಅವನ ಬೆನ್ನ ಹಿಂದೆ ದಾರಿಯ ಕಡೆ ಇಣುಕಿ ನೋಡಿದಳು.

“ಲುಸಿಯೆನ್ ಕಳಿಸಿದ್ಲಾ, ಹೀಗೆ ಹೇಳಿ ಬಾ ಅಂತ?” ಎಂದು ಕೇಳಿದಳು.

ಇಲ್ಲ ಅಂದ. ಹೆದರಬೇಡ ಕಣಪ್ಪ, ಇಲ್ಲಿ ಅವಳ ಕಿವಿ ಇಲ್ಲ ಎಂದು ಹೇಳಿ ಸೊಲಾಂಜ್ ಅವನ ಜೇಬಿಗೆ ಒಂದು ಚೂರು ಚೀಸ್ ತುರುಕಲು ಬಂದಳು. ಬಾತಿಸ್ತ್ ಕೇಳಿ ನಕ್ಕು ನಕ್ಕು ಕೆಮ್ಮು ಹತ್ತಿಸಿಕೊಂಡ. ಒಳ್ಳೇ ಪಾಠ ಹೇಳಿಕೊಟ್ಟಿದ್ದಾಳೆ ಅಂದ. ಮೇಲಿನ ಮನೆಯವರು ಅಯ್ಯೋ ಎಂದರು, ನಂಬಿದರೋ ಬಿಟ್ಟರೋ ಗೊತ್ತಾಗಲಿಲ್ಲ. ಆರ್ಮಾಂದ್ ಅಂತೂ ಬಾಗಿಲಲ್ಲೇ ಕಣ್ಣೊರೆಸಿಕೊಂಡಳು.

“ನಿನ್ನನ್ನ ಎತ್ತಿ ಆಡಿಸಿದವಳು ಕಣೋ ನಾನು. ಎಷ್ಟು ಹೆದರಿಸಿಟ್ಟಿದ್ದಾಳೋ ನಿನ್ನನ್ನ ಅವಳು,” ಅಂದಳು.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಅನ್ನುವುದು ಇದಕ್ಕೇ. ಒಂದು ಚೂರು ಚೀಸಿಗೆ ಹೋದದ್ದನ್ನು ಅವನು ಬೆಟ್ಟ ಹತ್ತಿ ಇಳಿದು ಬೇಡಿದರೂ ಯಾರೂ ಹಿಂದಕ್ಕೆ ಕೊಡಲಿಲ್ಲ. ಸುಳ್ಳನ್ನು ಅರ್ಧ ಮಾತಿಗೇ ನಂಬಿದ ಜನ ನಿಜವನ್ನು ಪೂರ್ತಿ ಹೇಳಿದರೂ ಹೆಂಡತಿಯ ಲೆಕ್ಕಕ್ಕೇ ಬರೆದರು. ಅವನು ಕೊನೆಗೆ ಬಂದದ್ದು ನನ್ನ ಬಾಗಿಲಿಗೆ. ಅಡುಗೆಮನೆಯಿಂದ ಬಂದ ಆ ಬೇರೆ ತಟ್ಟೆಯನ್ನು ನಾನು ನೋಡಿದ್ದೆ, ಅದರಲ್ಲಿ ಅವನು ಬಿಟ್ಟ ಕೋಸಿನ ತುದಿಯನ್ನು ತಟ್ಟೆ ತೊಳೆಯುವಾಗ ಬಾಯಿಗೆ ಹಾಕಿಕೊಂಡಿದ್ದೆ ಕೂಡ. ಉಪ್ಪಿನ ಹರಳೂ ಇರಲಿಲ್ಲ. ಲುಸಿಯೆನ್ ಕೈ ಅಂಥ ತಪ್ಪು ಮಾಡುವುದಿಲ್ಲ ಎಂದು ಆವತ್ತಿನಿಂದ ತಲೆ ಕೊರೆಯುತ್ತಿತ್ತು. ಹಾಗಾಗಿ ನಾನು ನಂಬಿದೆ. ನಂಬಿ, ಬಾಯಿಗೆ ಬಂದ ಹಾಗೆ ಬೈದೆ. ಬೈದಷ್ಟೂ ಹೊತ್ತು ಅವನು ಟೋಪಿ ತೆಗೆದು ಕೈಲಿ ಹಿಡಿದು ನಿಂತಿದ್ದ. ಅಂಗಡಿಗೆ ಬರುವವರಿಗೆ ನಾನೂ ಹೇಳುತ್ತ ಬಂದೆ, ಕೆಲವರು ತಲೆಯಾಡಿಸಿದರು, ಕೆಲವರು ನಾನು ಲುಸಿಯೆನ್‌ಳ ಗೆಳತಿ ಎಂಬುದನ್ನು ನೆನಪಿಸಿದರು.

ಆಮೇಲೆ ಅವನು ಹೆಚ್ಚು ಹೊರಗೆ ಬರಲಿಲ್ಲ. ಕೆಫೆಯಲ್ಲಿ ಹವಾಮಾನ ಇಲಾಖೆಯ ಕುರ್ಚಿ ಖಾಲಿ. ಸಂತೆಯ ದಿನ ಹೆಂಡತಿಯ ಬುಟ್ಟಿ ಹೊತ್ತು ಅವಳ ಹಿಂದೆ ನಡೆಯುತ್ತಿದ್ದ, ಯಾರಾದರೂ ಎದುರಾದರೆ ಅವಳಿಗಿಂತ ಮುಂಚೆ ಅವನ ತಲೆ ತಗ್ಗುತ್ತಿತ್ತು. ಮನೆಯಲ್ಲಿ ತಾನೇ ಅಡುಗೆ ಮಾಡಲು ಶುರು ಮಾಡಿದ. ಗೋಡೆಯ ಈಚೆ ನನಗೆ ಸೀದ ವಾಸನೆ ಬರುತ್ತಿತ್ತು. ಲುಸಿಯೆನ್ ಒಂದು ದಿನವೂ ಚೆನ್ನಾಗಿದೆ ಎನ್ನಲಿಲ್ಲ, ಬೇಡ ಎಂದೂ ಎನ್ನಲಿಲ್ಲ. ಅವರಿಬ್ಬರ ನಡುವೆ ಮಾತು ಉಪ್ಪಿನಷ್ಟೇ ಕಡಿಮೆಯಾಗಿತ್ತು.

ಮುಂದಿನ ವಸಂತದಲ್ಲಿ ಒಂದು ಭಾನುವಾರ ಫಿರ್ಮ್ಯಾಂ ನನ್ನನ್ನು ಊಟಕ್ಕೆ ಕರೆದ. ಲುಸಿಯೆನ್ ಮೇಜಿನ ಮುಂದೆ ನೆಂಟಳ ಹಾಗೆ ಕೂತಿದ್ದಳು. ಅವನು ತುಂಬಿದ ಕೋಸು ಮಾಡಿದ್ದ. ಹೂರಣ ಒಂದು ಕಡೆ, ಎಲೆ ಒಂದು ಕಡೆ, ಒಳಗೆ ಹಸಿ, ಹೊರಗೆ ಕಪ್ಪು. ನಾನು ನೆರೆಹೊರೆಯ ಮರ್ಯಾದೆಗೆ ಎರಡು ತುತ್ತು ತಿಂದೆ. ಲುಸಿಯೆನ್ ಸುಮ್ಮನೆ ಪೂರ್ತಿ ತಿಂದಳು, ಬ್ರೆಡ್ಡಿನಿಂದ ತಟ್ಟೆ ಒರೆಸಿದಳು. ಆಮೇಲೆ ಅವನು ಗಾಜಿನ ಮುಚ್ಚಳದ ತಟ್ಟೆ ತಂದಿಟ್ಟ. ಅದರಲ್ಲಿ ಬಲಿತ ಸಾಂ-ನೆಕ್ತೇರ್‌ನ ಒಂದು ತುಂಡು. ನಿಮ್ಮಿಬ್ಬರಿಗೆ ಅಂದ, ನನಗಲ್ಲ. ಅಪ್ಪನ ಚಾಕು ತೆಗೆದು, ಉದ್ದಕ್ಕೆ, ಮೂಗು ಉಳಿಯುವ ಹಾಗೆ ಒಂದು ಚೂರು ಕೊಯ್ದು ಹೆಂಡತಿಗೆ ಕೊಟ್ಟ. ನನಗೊಂದು ಕೊಟ್ಟ. ಚಾಕು ಮಡಚಲು ಹೋದವನು ಅವಳನ್ನು ನೋಡಿ ನಿಂತ.

ಲುಸಿಯೆನ್ ಚೂರನ್ನು ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿದ್ದಳು. ಅವಳ ಗಂಟಲು ಮೆಲ್ಲಗೆ ಆಡುತ್ತಿತ್ತು. ಪಕ್ಕದ ಮನೆಯಲ್ಲಿ ಇಷ್ಟು ವರ್ಷ ಬದುಕಿದ ನಾನೂ ಆ ಮುಖ ನೋಡಿರಲಿಲ್ಲ.

“ನಿನಗೂ ಇಷ್ಟೊಂದು ಇಷ್ಟವಾ ಇದು?” ಫಿರ್ಮ್ಯಾಂ ಕೇಳಿದ.

ಅವಳು ನುಂಗಿ ಕಣ್ಣು ಬಿಟ್ಟಳು. “ಮದುವೆ ಆದಾಗಿಂದ ನಿನ್ನೆದುರಿಗೇ ಕೂತು ತಿಂದಿದೀನಿ. ನೀನು ಯಾವತ್ತು ನೋಡಿದೀಯ? ಕಣ್ಣು ಮುಚ್ಕೊಂಡಿರ್ತಿದ್ದೆ.”

“ಮತ್ತೆ ಇಷ್ಟು ದಿನ? ನಿನ್ನ ಪಾಲಿಗಾದ್ರೂ ತಂದ್ಕೋಬಹುದಿತ್ತಲ್ಲ.”

“ನೀನು ತಿಂತಿಲ್ಲ ಅಂದ್ಕೊಂಡಿದ್ದೆ,” ಅಂದಳು. “ಅದಕ್ಕೇ ನಾನೂ ಮುಟ್ಟಿರಲಿಲ್ಲ.”

ಫಿರ್ಮ್ಯಾಂ ಕೈವಸ್ತ್ರ ತೆಗೆದು ಮುಖ ಮುಚ್ಚಿಕೊಂಡ. ಸೊಲಾಂಜಳ ಅಂಗಳ, ಬಾತಿಸ್ತನ ಮೇಜು, ಅಣಬೆಯ ನೆಪಗಳು, ಎಲ್ಲ ಅವನ ಕಣ್ಣ ಮುಂದೆ ಬಂದಿರಬೇಕು. ಅವನು ಅಲ್ಲಿ ಕಣ್ಣು ಮುಚ್ಚಿ ತಿನ್ನುವಾಗ ಇವಳು ಇಲ್ಲಿ ಅವನ ಜೊತೆಗೆಂದು ಉಪವಾಸ ಕೂತಿದ್ದಳು. ಅವನ ಭುಜ ಅಲುಗುತ್ತಿತ್ತು. ನನಗೆ ಎದ್ದು ಹೋಗಬೇಕೆನಿಸಿತು, ಆದರೆ ಕುರ್ಚಿ ಎಳೆದರೆ ಸದ್ದಾಗುತ್ತದೆಂದು ಹಾಗೇ ಕೂತೆ.

ಲುಸಿಯೆನ್ ತನ್ನ ತಟ್ಟೆಯನ್ನು ಮುಂದಕ್ಕೆ ತಳ್ಳಿದಳು.

“ಆ ಚೀಸಿನ ತಟ್ಟೆ ಇನ್ನೊಂದು ಸಲ ಇತ್ತ ಕೊಡು,” ಅಂದಳು. “ನಿನ್ನ ಕೋಸು ತಿಂದು ನನ್ನ ಹೊಟ್ಟೆ ತುಂಬಿಲ್ಲ.”

ಅವನು ಕೈವಸ್ತ್ರ ಇಳಿಸಿ ಅವಳನ್ನು ನೋಡಿದ. ಅವನ ಕಿವಿಗಳು ಮತ್ತೆ ಕೆಂಪಾದವು. ಆ ಹುಟ್ಟುಹಬ್ಬದ ಮೇಜಿನಲ್ಲಿ ಅವಳು ನುಂಗಿದ್ದನ್ನು ಇವತ್ತು ಅವನು ನುಂಗಬೇಕಿತ್ತು. ನುಂಗಿದ. ಎರಡೂ ಕೈಯಲ್ಲಿ ತಟ್ಟೆ ಹತ್ತಿರಕ್ಕೆ ಎಳೆದುಕೊಂಡು ಚಾಕು ಎತ್ತಿದ. ಈ ಸಲ ಉದ್ದಕ್ಕೆ ಕೊಯ್ಯಲಿಲ್ಲ. ಅಡ್ಡಡ್ಡ, ಮೂಗನ್ನು ಪೂರ್ತಿ ಕೊಯ್ದು ಅವಳ ತಟ್ಟೆಗೆ ಹಾಕಿದ. ಊರಲ್ಲಿ ಯಾರಾದರೂ ಹಾಗೆ ಮಾಡಿದ್ದರೆ ನಾನೇ ಜಗಳಕ್ಕೆ ನಿಲ್ಲುತ್ತಿದ್ದೆ. ನನ್ನ ಪಾಲಿಗೆ ಸಿಪ್ಪೆಯ ಕಡೆ ಉಳಿಯಿತು, ನಾನು ಅದನ್ನೇ ತಿಂದೆ.